ಕರಿಮಣ್ಣು ಕೆಂಪಾಗುವ ಕಡೆ

ಕಲಬುರಗಿಯ ಶಹಾಬಜಾರದಲ್ಲಿ ಬೆಳಗು ಮೊದಲು ತಾಗುವುದು ಗುಮ್ಮಟಗಳನ್ನು. ಓಣಿಯೊಳಗೆ ಇರುಳಿನ ತಂಪು ಇನ್ನೂ ಉಳಿದಿರುವಾಗ, ಚಹಾದಂಗಡಿಯ ಮೊದಲ ಹಬೆ ತೆಳ್ಳಗೆ ಮೇಲೇಳುತ್ತಿರುವಾಗ, ಹಳೆಯ ಮಸೀದಿಯ ಸಾಲುಗುಮ್ಮಟಗಳ ನೆತ್ತಿಗೆ ಬೆಳಕು ಬಂದು ಕೂರುತ್ತದೆ. ಅಲ್ಲಿಂದ ಅವಸರವಿಲ್ಲದೆ ಗೋಡೆಗಿಳಿದು, ಕಮಾನಿನ ಅಂಚು ಹಿಡಿದು, ಕೊನೆಗೆ ಅಂಗಳದ ಹಾಸುಗಲ್ಲಿನ ಮೇಲೆ ಕಾಲಿಡುತ್ತದೆ. 1358ರಿಂದ 1375ರವರೆಗೆ ಆಳಿದ ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಶಾಹನ ಕಾಲದ ಮಸೀದಿ ಇದೆಂದು ಬಲ್ಲವರು ಹೇಳುತ್ತಾರೆ. ಅಂದಿನಿಂದ ಇಂದಿನವರೆಗೆ ಇಲ್ಲಿ ಬಜಾರವೆಂಬುದು ಇದೆ ಎಂದರೆ, ಅಂದಿನಿಂದ ಇಂದಿನವರೆಗೆ ಎಲ್ಲಿಂದಲೋ ಜೋಳ ಬರುತ್ತಲೇ ಇದೆ, ತೊಗರಿ ಬರುತ್ತಲೇ ಇದೆ, ಎತ್ತಿನ ಕೊರಳಗಂಟೆಯೋ ಟೆಂಪೋದ ಹಾರನ್ನೋ ಆ ಕಾಳಿನ ಮುಂದೆ ಮುಂದೆ ನಡೆದು ಬರುತ್ತಲೇ ಇದೆ ಎಂದೇ ಅರ್ಥ. ಆ ಕಾಳು ಹೊರಟುಬಂದ ದಿಕ್ಕಿಗೆ ಮುಖ ಮಾಡಿ ನಿಂತರೆ, ಊರು ಮುಗಿದು ಹೊಲ ಸುರುವಾಗುವ ಕಡೆ ಕಣ್ಣು ತಾನಾಗಿ ಹರಿಯುತ್ತದೆ.

ಹುಮನಾಬಾದದ ದಾರಿ ಹಿಡಿದರೆ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು ಬೇಕಿಲ್ಲ. ಕುರಿಕೋಟಾದ ಸೇತುವೆ ಬರುತ್ತದೆ, ಕೆಳಗೆ ಬೆಣ್ಣೆತೊರೆ ಹರಿಯುತ್ತಿರುತ್ತದೆ, ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತು ನಾಲ್ಕು ಮಂದಿಯನ್ನು ಇಳಿಸಿ ಆರು ಮಂದಿಯನ್ನು ಹತ್ತಿಸಿಕೊಳ್ಳುತ್ತದೆ, ಆಮೇಲೆ ಕಮಲಾಪುರ. ಅಲ್ಲಿ ಇಳಿಯುವವರಿಗಿಂತ ಅದನ್ನು ದಾಟಿ ಬೀದರಿಗೋ ಬಸವಕಲ್ಯಾಣಕ್ಕೋ ಹೋಗುವವರೇ ಹೆಚ್ಚು. ಸರ್ಕಾರದ ಕಾಗದದಲ್ಲಿ ಅದು ತಾಲ್ಲೂಕಾದದ್ದು ಈಚೆಗೆ, 2018ರಲ್ಲಿ. ಕಾಳಗಿ, ಶಹಾಬಾದ, ಯಡ್ರಾಮಿಗಳ ಜೊತೆ. ಇಂಥ ಊರುಗಳ ಬಗ್ಗೆ ಗೆಜೆಟಿಯರುಗಳು ನಾಲ್ಕು ಸಾಲು ಬರೆದು ಮುಂದೆ ಸಾಗುತ್ತವೆ: ಇಷ್ಟು ಹಳ್ಳಿ, ಇಂಥ ಮಣ್ಣು, ಒಂದು ಹೊಳೆ, ಮಳೆ ಸಾಧಾರಣ. ಆ ನಾಲ್ಕು ಸಾಲಿನಲ್ಲಿ ‘ಇಂಥ ಮಣ್ಣು’ ಎನ್ನುವ ಎರಡು ಮಾತಿನ ಮುಂದೆ ನಾನು ಬಹಳ ಹೊತ್ತು ನಿಂತುಬಿಡುತ್ತೇನೆ. ಇತಿಹಾಸ ಈ ದಾರಿಯಲ್ಲಿ ಹಾದುಹೋಯಿತು, ಹೌದು. ಆದರೆ ಹಾದುಹೋಗದೆ ಇಲ್ಲೇ ಕೂತದ್ದು ಮಣ್ಣು, ಮತ್ತು ನನ್ನ ಬೆರಗೆಲ್ಲ ಹಾಗೆ ಕೂತದ್ದರ ಮೇಲೆಯೇ.

ಎರೆ ಹೊಲದ ಒಂದು ಹೆಂಟೆಯನ್ನು ಕೈಗೆತ್ತಿಕೊಂಡರೆ ಅದು ಎಣಿಸಿದ್ದಕ್ಕಿಂತ ಭಾರ. ಹೊರಗೆ ಬೂದು, ಒಡೆದರೆ ಒಳಗೆ ಕಪ್ಪು, ಬೆರಳಿಗೆ ನೀರು ಸೋಕಿಸಿ ತಿಕ್ಕಿದರೆ ಜಿಗುಟು. ಈ ಕಪ್ಪು ಒಂದು ಕಾಲದಲ್ಲಿ ಬೆಂಕಿಯಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು, ಕರಗಿದ ಕಲ್ಲು ಉಕ್ಕಿ ಹರಿದು, ತಣ್ಣಗಾಗಿ, ಮತ್ತೆ ಅದರ ಮೇಲೆ ಹರಿದು, ಪದರದ ಮೇಲೆ ಪದರವಾಗಿ ದಖ್ಖನ್ನಿನ ಇಷ್ಟಗಲ ನೆಲ ಕಪ್ಪುಗಲ್ಲಿನದಾಯಿತು. ಒಂದು ಉಕ್ಕಿಗೂ ಇನ್ನೊಂದು ಉಕ್ಕಿಗೂ ನಡುವೆ ಸಾವಿರಾರು ವರ್ಷಗಳ ಬಿಡುವಿರುತ್ತಿತ್ತಂತೆ. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಯಾಗಿ, ಕೆರೆಯಲ್ಲಿ ಬಸವನಹುಳುಗಳು ಹುಟ್ಟಿ ಬೆಳೆದು, ಮುಂದಿನ ಬೆಂಕಿ ಬಂದು ಮುಚ್ಚುವ ತನಕ ಅವು ತಮ್ಮ ನಿಧಾನದ ಬದುಕು ಬದುಕಿದವು. ಅವುಗಳ ಚಿಪ್ಪು ಕಲ್ಲಾಗಿ ದಖ್ಖನ್ನಿನ ಹಲವು ಕಡೆ ಎರಡು ಕಪ್ಪು ಪದರಗಳ ನಡುವೆ ಇಂದಿಗೂ ಸಿಗುತ್ತವೆ. ಭೂವಿಜ್ಞಾನಿಗಳು ಇನ್ನೂ ಒಂದು ಮಾತು ಹೇಳುತ್ತಾರೆ, ಅದನ್ನು ಕೇಳಿದ ದಿನದಿಂದ ನನಗೆ ಈ ಹೊಲಗಳು ಬೇರೆಯಾಗಿಯೇ ಕಾಣುತ್ತವೆ. ಅಂದು ಈ ನೆಲ ಇಲ್ಲಿರಲಿಲ್ಲ. ಭಾರತವೆಂಬ ಇಡೀ ಭೂಖಂಡ ದಕ್ಷಿಣದ ಕಡಲಿನಲ್ಲಿ ಉತ್ತರಕ್ಕೆ ಮುಖ ಮಾಡಿ ತೇಲುತ್ತ, ಭೂಮಿಯೊಳಗಿನ ಒಂದು ಬಿಸಿಯ ಸೆಲೆಯ ಮೇಲೆ ಹಾದಾಗ ಈ ಬೆಂಕಿ ಉಕ್ಕಿತು. ನಾವು ಸರಿದು ಬಂದೆವು, ಸೆಲೆ ಅಲ್ಲೇ ಉಳಿಯಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಇಂದಿಗೂ ಆಗಾಗ ಉಕ್ಕುವ ಜ್ವಾಲಾಮುಖಿ ಅದೇ ಸೆಲೆಯದಂತೆ. ಮಹಾಗಾಂವದ ಕಡೆಯ ಹೊಲದಲ್ಲಿ ಜೋಳದ ಬೇರು ಹಿಡಿದು ನಿಂತಿರುವ ಕಪ್ಪಿಗೆ ಅಷ್ಟು ದೂರದ ಕಡಲ ನಡುವೆ ಇನ್ನೂ ಆರದ ಒಂದು ತಾಯಿಬೆಂಕಿ ಇದೆ.

ಈ ಮಣ್ಣಿನ ನಡವಳಿಕೆಯನ್ನು ಒಂದು ವರ್ಷಪೂರ್ತಿ ನೋಡಬೇಕು. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ; ಕೈ ಇಳಿಯುವಷ್ಟು ಅಗಲ, ಮೊಳಗಟ್ಟಲೆ ಆಳ. ಬಿಸಿಲು ಗಾಳಿಗೆ ಮೇಲಿನ ಪುಡಿಮಣ್ಣು ಆ ಬಿರುಕಿನೊಳಗೆ ಸುರಿಯುತ್ತ ಹೋಗುತ್ತದೆ. ಮೊದಲ ಮಳೆ ಬಿದ್ದಾಗ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ಒಳಗೆ ಬಿದ್ದದ್ದು ಒಳಗೇ ಉಳಿಯುತ್ತದೆ, ಒಳಗಿನದು ಒತ್ತಡಕ್ಕೆ ಮೇಲೇಳುತ್ತದೆ. ರೈತ ನೇಗಿಲು ಹೂಡುವ ಮುಂಚೆಯೇ ನೆಲ ತನ್ನನ್ನು ತಾನು ಉತ್ತುಕೊಂಡಿರುತ್ತದೆ. ಮುಂಗಾರಿಗೆ ಹೆಸರು, ಉದ್ದು, ತೊಗರಿ. ಮಳೆ ಹಿಂದೆ ಸರಿಯುವ ಹೊತ್ತಿಗೆ ಕೂರಿಗೆಯ ತಾಳಿನಿಂದ ಬಿಳಿಜೋಳ ನೆಲಕ್ಕಿಳಿಯುತ್ತದೆ. ಅಲ್ಲಿಂದ ಮುಂದೆ ಆ ಬೆಳೆಗೆ ಆಕಾಶದಿಂದ ಬರುವುದು ಹೆಚ್ಚೆಂದರೆ ಮಂಜು. ಆದರೂ ಅದು ಎದೆಮಟ್ಟ ಬೆಳೆದು, ತಲೆ ಮೀರಿ ಬೆಳೆದು, ತೆನೆ ಕಟ್ಟಿ, ಹಾಲುಗಾಳಾಗಿ, ಸೀತನಿ ಸುಟ್ಟು ತಿನ್ನುವ ಹದಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಮಣ್ಣು ತಿಂಗಳುಗಟ್ಟಲೆ ಎದೆಯಲ್ಲಿ ಹಿಡಿದಿಟ್ಟುಕೊಂಡು, ಕೇಳಿದಷ್ಟು ಮಾತ್ರ, ಬೇರಿಗೆ ಬೇಕಾದಷ್ಟು ಮಾತ್ರ, ಕೊಡುತ್ತ ಹೋಗುತ್ತದೆ. ಇದಕ್ಕೆ ರಸಾಯನದ ವಿವರಣೆ ಇದೆ, ಜೇಡಿಯ ಕಣಗಳ ತೆಳು ಹಾಳೆಗಳ ನಡುವೆ ನೀರು ಸಿಕ್ಕಿಕೊಳ್ಳುವ ಬಗೆಯನ್ನು ಯಾವ ಕೃಷಿ ಪದವೀಧರನೂ ಹೇಳಿಕೊಡಬಲ್ಲ. ವಿವರಣೆ ತಿಳಿದ ಮೇಲೂ ಪುಷ್ಯ ಮಾಸದ ಬೆಳಗಿನಲ್ಲಿ ಜೋಳದ ಗರಿಯ ಬುಡದಲ್ಲಿ, ಗರಿ ದಂಟಿಗೆ ಅಂಟಿಕೊಳ್ಳುವ ಆ ಸಣ್ಣ ಬಟ್ಟಲಿನಲ್ಲಿ, ನಿಂತಿರುವ ಒಂದು ಹನಿ ಮಂಜನ್ನು ನೋಡುವಾಗ ಮಾತು ಹಿಂದಕ್ಕೆ ಸರಿಯುತ್ತದೆ.

ಅದೇ ಹೊತ್ತಿಗೆ ಹೊಲದ ಮೇಲೆ ತೀರ ತಗ್ಗಾಗಿ, ತೆನೆ ಸೋಕುವಂತೆ, ಉದ್ದ ರೆಕ್ಕೆಯ ಗಿಡುಗಗಳು ತೇಲುತ್ತಿರುತ್ತವೆ. ಕಜಾಕಸ್ತಾನದ ಹುಲ್ಲುಬಯಲಲ್ಲಿ ಮರಿ ಮಾಡಿ, ಚಳಿಗೆ ಮುಂಚೆ ಹೊರಟು, ಪರ್ವತ ಮರುಭೂಮಿಗಳನ್ನು ದಾಟಿ, ದಖ್ಖನ್ನಿನ ಈ ಬಯಲುಗಳಿಗೆ ಬಂದು ಚಳಿಗಾಲ ಕಳೆಯುವ ಜಾತಿಗಳು ಅವು. ಅವಕ್ಕೆ ಬೇಕಾದದ್ದು ಹುಲ್ಲು, ಹುಲ್ಲಲ್ಲಿ ಮಿಡಿತೆ. ಬೇಲಿ ಯಾರದು, ಸರ್ವೆ ನಂಬರು ಯಾವುದು ಎಂಬುದಿಲ್ಲದೆ ಅವು ಬದುವಿನಿಂದ ಬದುವಿಗೆ ಬಾಗುತ್ತ ಹೋಗುವಾಗ, ಕೆಳಗೆ ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಬಂದ ಮನೆಮಂದಿ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಜೋಡಿಸಿ, ಸುಣ್ಣ ಬಳಿದು, ಅವೇ ಪಾಂಡವರೆಂದು ಕೈಮುಗಿಯುತ್ತಿರುತ್ತಾರೆ.

ಆ ದಿನದ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಸಿ ಕಾಳು ಮತ್ತು ಸೊಪ್ಪುಗಳೆಲ್ಲ ಒಂದಾಗಿ ಬೆಂದ ಭಜ್ಜಿ. ಮೊದಲ ತುತ್ತು ಮನುಷ್ಯರಿಗಲ್ಲ. ಮನೆಯ ಹಿರಿಯ ಎಡೆಯಿಂದ ಒಂದಿಷ್ಟು ತೆಗೆದುಕೊಂಡು, ಹಿಂದೆ ನೀರಿನ ತಂಬಿಗೆ ಹಿಡಿದ ಹುಡುಗನನ್ನು ಕರೆದುಕೊಂಡು, ಹೊಲದ ನಾಲ್ಕೂ ದಿಕ್ಕಿಗೆ ನಡೆದು ಚರಗ ಚೆಲ್ಲುತ್ತಾನೆ. ಅವನು ಕೂಗುವ ಕೂಗನ್ನು ಪಕ್ಕದ ಹೊಲದವ ಎತ್ತಿಕೊಳ್ಳುತ್ತಾನೆ, ಅವನದನ್ನು ಅದರಾಚೆಯವ. ನಾನು ಆ ಚೆಲ್ಲುವ ಕೈಯನ್ನೇ ನೋಡುತ್ತೇನೆ. ಹೆಬ್ಬೆರಳಿಗೆ ಅಂಟಿದ ಭಜ್ಜಿ, ಉಗುರಿನಲ್ಲಿ ಕಪ್ಪು ಮಣ್ಣು, ಬಿತ್ತುವಾಗ ಹೇಗೆ ಬೀಸುತ್ತದೋ ಹಾಗೆಯೇ ಬೀಸುವ ಮುಂಗೈ. ಇಲಿಗೆ, ಇರುವೆಗೆ, ಹಕ್ಕಿಗೆ, ಹೆಸರಿಲ್ಲದ ಯಾವುದಕ್ಕೋ. ಬಸುರಿ ಹೆಂಗಸಿಗೆ ಬಯಕೆಯೂಟ ಬಡಿಸಿದಂತೆ ತೆನೆ ತುಂಬುವ ಹೊಲಕ್ಕೆ ಉಣಬಡಿಸುವ ಈ ಹಬ್ಬಕ್ಕೆ ಪೂಜಾರಿ ಬೇಕಿಲ್ಲ, ಗುಡಿ ಬೇಕಿಲ್ಲ, ತುತ್ತು ಎಲ್ಲಿ ಬಿತ್ತೋ ಅಲ್ಲೇ ನೈವೇದ್ಯ ಆಯಿತು.

ಇಂಥ ಹೊಲಗಳ ನಡುವೆ ಹಾದ ದಾರಿ ಎಷ್ಟು ಹಳೆಯದೋ. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. 1367ರಲ್ಲಿ ಕೋಟೆಯೊಳಗೆ, ಅಂಗಳವನ್ನೇ ಬಿಡದೆ ಇಡೀ ಮಸೀದಿಗೆ ಸೂರು ಹೊದಿಸಿದ ಆ ಅಪೂರ್ವದ ಜಾಮಾ ಮಸೀದಿ ಎದ್ದಿತು. 1422ರಲ್ಲಿ ಸೂಫಿ ಸಂತ ಬಂದೇನವಾಜರು ಇಲ್ಲೇ ಮಣ್ಣಾದರು. ಅದಾದ ಕೆಲವೇ ವರ್ಷಗಳಲ್ಲಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಎತ್ತಿಕೊಂಡು ಹೊರಟ. ಒಂದು ರಾಜಧಾನಿ ಹೊರಡುವುದೆಂದರೆ ಏನು ಎಂದು ಆಗಾಗ ಕಲ್ಪಿಸಿಕೊಳ್ಳುತ್ತೇನೆ: ಖಜಾನೆ, ಕುದುರೆ, ಕಡತ, ಅಡುಗೆಯವರು, ಕಮ್ಮಾರರು, ಅವರ ಹಿಂದೆ ಕೋಳಿಬುಟ್ಟಿ ಹೊತ್ತ ಮುದುಕಿಯರು, ತಿಂಗಳುಗಟ್ಟಲೆ ನಿಲ್ಲದ ಧೂಳು. ಕಪ್ಪು ಹೊಲದ ಅಂಚಿನಲ್ಲಿ ನಿಂತು ಆ ಧೂಳನ್ನು ನೋಡಿದ ರೈತ ಏನೆಂದುಕೊಂಡನೋ. ಅವನ ಜೋಳಕ್ಕೆ ಅಂದೂ ಮಂಜು ಬೇಕಾಗಿತ್ತು. ಕಲಬುರಗಿಯಿಂದ ಬೀದರಿನ ಹಾದಿಯ ಸೆರಗಿನಲ್ಲಿರುವ ಹೊಳಕುಂದಾದಲ್ಲಿ ಆ ಯುಗದ ಗುಮ್ಮಟಗೋರಿಗಳು ಉಳಿದಿವೆ. ದೊಡ್ಡ ಊರೊಂದು ಪಕ್ಕಕ್ಕಿಲ್ಲದೆ, ಬಯಲಿನ ಗಾಳಿಗೆ ಒಡ್ಡಿಕೊಂಡು, ಗಚ್ಚು ಉದುರಿದ ಕಡೆ ಕಲ್ಲು ತೋರಿಸುತ್ತ ನಿಂತಿವೆ. ಯಾರೋ ದೊಡ್ಡವರು ಹೋಗುತ್ತ ಹೋಗುತ್ತ ಇಲ್ಲೇ ನಿಂತುಬಿಟ್ಟರು ಎನ್ನಿಸುತ್ತದೆ ಅವನ್ನು ನೋಡಿದರೆ.

ಅದೇ ಶತಮಾನದಲ್ಲಿ, 1470ರ ಆಸುಪಾಸಿಗೆ, ರಷ್ಯದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿಟಿನ್ ಈ ಸೀಮೆಗೆ ಬಂದ. ವೋಲ್ಗಾ ನದಿಗುಂಟ ಇಳಿದು, ಪರ್ಷಿಯಾ ಹಾದು, ಕಡಲು ದಾಟಿ, ಒಂದು ಕುದುರೆಯನ್ನು ಮಾರುವ ಆಸೆಯಲ್ಲಿ ಬೀದರಿನ ತನಕ ನಡೆದವನು ಅವನು. ಕಲಬುರಗಿಯನ್ನೂ ಕಂಡ, ಪಕ್ಕದ ಆಳಂದದಲ್ಲಿ ಸಾವಿರಾರು ಕುದುರೆಗಳು ಮಾರಾಟಕ್ಕೆ ಬರುವ ಉರುಸಿನ ಸಂತೆಯ ಬಗ್ಗೆ ಬರೆದಿಟ್ಟ. ಹಿಮದ ನಾಡಿನವನ ಕಣ್ಣಿಗೆ ಈ ಕಪ್ಪುನೆಲ, ಈ ಉರಿಬಿಸಿಲು, ತಲೆಯ ಮೇಲೆ ಬುತ್ತಿಗಂಟು ಹೊತ್ತು ಹೊಲಕ್ಕೆ ಹೊರಟ ಹೆಂಗಸರು ಹೇಗೆ ಕಂಡರೋ. ಅವನು ಮತ್ತೆ ತನ್ನೂರು ಮುಟ್ಟಲಿಲ್ಲ. ಹಿಂದಿರುಗುವ ದಾರಿಯಲ್ಲಿ, ಊರು ಇನ್ನೂ ದೂರವಿರುವಾಗಲೇ, ತೀರಿಕೊಂಡ. ಅವನ ಬರಹ ಮಾತ್ರ ಊರಿಗೆ ಹೋಯಿತು.

ಆಮೇಲಿನವರು ಒಬ್ಬರ ಹಿಂದೊಬ್ಬರು ಹಾದುಹೋದ ಮಂದಿ. ಮೊಗಲರು ಬಂದರು, ನಿಜಾಮರು ಬಂದು ಎರಡು ಶತಮಾನಕ್ಕೂ ಮಿಕ್ಕಿ ಇದ್ದರು, 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಸೀಮೆ ಕನ್ನಡದ ಮಿಕ್ಕ ಸೀಮೆಗಳ ಜೊತೆ ಒಂದಾಯಿತು. ದಾರಿ ಡಾಂಬರಾಯಿತು, ಹೆದ್ದಾರಿಯಾಯಿತು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆಯಿತು. ಅದಕ್ಕಾಗಿ ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು. ರೈಲು ಆ ಕತ್ತಲೆಯೊಳಗೆ ಹೊಕ್ಕಾಗ ಹುಡುಗರು ಕೇಕೆ ಹಾಕುತ್ತಾರೆ, ದೊಡ್ಡವರು ಮಾತು ನಿಲ್ಲಿಸುತ್ತಾರೆ. ಕಿಟಕಿಯಾಚೆ ಒಂದು ಮಾರು ದೂರದಲ್ಲಿ ಬಸವನಹುಳುಗಳ ಕಾಲದ ಕಲ್ಲು, ಒಂದೇ ಸಮನೆ, ಹಿಂದಕ್ಕೆ ಓಡುತ್ತಿರುತ್ತದೆ.

ನೀರಿನ ದಾರಿಯೂ ಇದೆ, ಅದು ಕಾಲುದಾರಿಗಿಂತ ಹಳೆಯದು. ಕುರಿಕೋಟಾದ ಸೇತುವೆಯ ಕೆಳಗೆ ಕಂಡ ಬೆಣ್ಣೆತೊರೆ ಬಯಲಲ್ಲಿ ಸುತ್ತಿ ಬಳಸಿ, ಹೇರೂರಿನಲ್ಲಿ ಕಟ್ಟೆಗೆ ನಿಂತು, ಮತ್ತೆ ಹರಿದು ಕಾಗಿಣೆಯನ್ನು ಸೇರುತ್ತದೆ. ಕಾಗಿಣೆಯ ದಂಡೆಯಲ್ಲಿ ಮಳಖೇಡವಿದೆ. ಹೊಳೆಯಂಚಿಗೆ ಜರಿದ ಕೋಟೆಯಿರುವ ಆ ಊರು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಮಾನ್ಯಖೇಟವಾಗಿತ್ತು, ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡದ ನಾಡು ಎಂದು ಎಲ್ಲೆ ಗುರುತಿಸಿದ ಆ ಗ್ರಂಥದಲ್ಲಿ ಈ ಸಣ್ಣ ಹೊಳೆಗಳ ಮಾತಿಲ್ಲದಿರಬಹುದು. ಆದರೆ ಆ ಆಸ್ಥಾನದವರು ಕುಡಿದದ್ದು ಇಂಥ ಸಣ್ಣ ಹೊಳೆಗಳ ನೀರನ್ನೇ. ಕಾಗಿಣೆ ಭೀಮೆಯಾಗುತ್ತದೆ, ಭೀಮೆ ಕೃಷ್ಣೆಯಾಗುತ್ತದೆ, ಕೃಷ್ಣೆ ಕಡಲಾಗುತ್ತದೆ, ಜೊತೆಗೆ ಚೂರು ಚೂರೇ ಈ ಕಪ್ಪು ಮಣ್ಣೂ.

ಇಷ್ಟೆಲ್ಲ ಕಪ್ಪನ್ನು ಕಣ್ಣು ತುಂಬಿಕೊಂಡು ಕಮಲಾಪುರದ ಹತ್ತಿರ ಬಂದಾಗ, ಯಾರೂ ಮುನ್ಸೂಚನೆ ಕೊಡದೆ, ನೆಲ ಬಣ್ಣ ಬದಲಿಸುತ್ತದೆ. ಒಂದು ಹೊಲದ ಬದುವಿನ ಈಚೆ ಎರೆ, ನಾಲ್ಕು ಹೆಜ್ಜೆ ಆಚೆ ಕಂದು, ಇನ್ನಷ್ಟು ನಡೆದರೆ ಇಟ್ಟಿಗೆಗೆಂಪು. ಈ ದಾರಿ ಏರುತ್ತ ಹೋಗುವ ಬೀದರಿನ ಕಡೆ ನೆಲದ ಮೇಲಣ ಟೋಪಿಯೇ ಜಂಬಿಟ್ಟಿಗೆ. ಬಿಸಿಲು ಮಳೆಗಳು ಕಪ್ಪುಗಲ್ಲಿನ ಸಾರವನ್ನು ಬಹುಪಾಲು ತೊಳೆದು, ಕಬ್ಬಿಣವನ್ನು ಉಳಿಸಿ, ಆ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿ ಆದ ಕಲ್ಲು ಅದು. ಬೆಂಕಿಯಿಂದ ಕಪ್ಪು, ಕಪ್ಪಿನಿಂದ ಕೆಂಪು. ನಡುವೆ ಎಣಿಕೆಗೆ ಸಿಗದಷ್ಟು ಮಳೆಗಾಲ. ಕಮಲಾಪುರ, ರಾಜನಾಳ, ನಾವನಿಹಾಳದ ಕಣಿವೆಯ ಕೆಂಪು ಮಣ್ಣಿನಲ್ಲಿ ನೀರು ನಿಲ್ಲದೆ ಬಸಿದುಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಅಲ್ಲಿ ಕೆಂಪು ಬಾಳೆ ಬೆಳೆಯುತ್ತದೆ.

ಭೌಗೋಳಿಕ ಗುರುತು ಪಡೆದ ಹಣ್ಣು ಇದು. ಹೆದ್ದಾರಿಯ ಬದಿಯಲ್ಲಿ ಅದರ ಗೊನೆ ತೂಗುಹಾಕಿದ ಅಂಗಡಿಗಳನ್ನು ನೋಡಿಯೇ ಹಲವರು ಕಮಲಾಪುರವನ್ನು ಗುರುತು ಹಿಡಿಯುತ್ತಾರೆ. ತೋಟದೊಳಗೆ ಹೋಗಿ ನೋಡಿದರೆ ಹಣ್ಣೊಂದೇ ಕೆಂಪಲ್ಲ. ದಿಂಡು ಕೆಂಪು, ಎಲೆಯ ತೊಟ್ಟು ಕೆಂಪು, ಬೆಳಕಿಗೆ ಎದುರು ಹಿಡಿದರೆ ಎಲೆಯ ನಡುನರವೂ ಕೆಂಪು. ಮಿಕ್ಕ ಬಾಳೆ ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಅಷ್ಟು ದಿನವೂ ಅದು ಮೇಲಕ್ಕೆ ಹೋಗುತ್ತಲೇ ಇರುತ್ತದೆ, ಎರಡಾಳು ಎತ್ತರ ಮೀರುತ್ತದೆ. ನಾವು ಕಾಂಡವೆನ್ನುವುದು ಕಾಂಡವಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣಿನೊಳಗೆ ಗೆಡ್ಡೆಯಾಗಿ ಕೂತಿದೆ. ಕಾಲ ಕೂಡಿದಾಗ ಆ ಗೆಡ್ಡೆಯ ನೆತ್ತಿಯಲ್ಲಿ ಹೂವಿನ ಮೊಗ್ಗು ಹುಟ್ಟಿ, ಸುರುಳಿಯೆಲೆಗಳ ನಡುವಿನ ಕತ್ತಲ ಕೊಳವೆಯೊಳಗೆ ಬುಡದಿಂದ ತುದಿಯವರೆಗೆ ಏರಿ, ಒಂದು ದಿನ ನೆತ್ತಿ ಸೀಳಿ ಹೊರಬಂದು ತಲೆ ಬಾಗಿಸುತ್ತದೆ. ಹೊರಗಿನವರಿಗೆ ಅಂದೇ ಹೂ ಬಿಟ್ಟಿತು. ಒಳಗೆ ಅದು ವಾರಗಟ್ಟಲೆ ನಡೆದು ಬಂದಿತ್ತು. ಕೆಂಪು ಹಾಳೆಗಳು ಒಂದೊಂದಾಗಿ ಮೇಲಕ್ಕೆ ಸುರುಳಿಯಾಗಿ ಉದುರುತ್ತವೆ, ಪ್ರತಿ ಹಾಳೆಯ ಕೆಳಗೆ ಬೆರಳುಗಳ ಸಾಲು. ಅವು ದಪ್ಪಗಾಗುತ್ತ, ಗಿಡ್ಡಗೇ ಉಳಿಯುತ್ತ, ಗಾಢ ಕೆಂಪಿಗೆ ತಿರುಗುತ್ತವೆ. ಸಿಪ್ಪೆ ಬಿಡಿಸಿದರೆ ಒಳಗೆ ಕೆನೆಬಣ್ಣ, ಮೂಗಿಗೆ ತಟ್ಟುವ ಮಂದವಾದ ಕಂಪು.

ಮತ್ತೆ ಈ ಬಾಳೆಗೆ ಬೀಜವಿಲ್ಲ. ತಾಯಿಯ ಬುಡದಿಂದ ಕಂದು, ಆ ಕಂದಿನ ಬುಡದಿಂದ ಇನ್ನೊಂದು ಕಂದು. ಹೀಗೆಂದ ಮೇಲೆ ಇವತ್ತು ರಾಜನಾಳದ ತೋಟದಲ್ಲಿ ನಿಂತಿರುವ ಗಿಡ ಹೊಸ ಗಿಡವೇ ಅಲ್ಲ. ಎಂದೋ, ಎಲ್ಲೋ, ಒಂದು ಗಿಡ ಮೊದಲು ಕೆಂಪಾಯಿತಲ್ಲ, ಅದೇ ಗಿಡ ಇನ್ನೂ ಸತ್ತಿಲ್ಲ, ಕೈಯಿಂದ ಕೈಗೆ, ಗುಣಿಯಿಂದ ಗುಣಿಗೆ ದಾಟುತ್ತ ಬದುಕುತ್ತಲೇ ಬಂದಿದೆ. ಅದನ್ನು ಮೊದಲು ಇಲ್ಲಿಗೆ ತಂದು ಹಚ್ಚಿದವರ ಹೆಸರು ನಮಗೆ ಉಳಿದಿಲ್ಲ, ಅವರು ಹಚ್ಚಿದ ಗಿಡ ಉಳಿದಿದೆ.

ಆ ಸಾಲುಗಳ ನಡುವೆ ಒಮ್ಮೆ ಒಂದು ಗೊನೆ ಹಚ್ಚಹಸಿರಾಗಿ ನಿಂತದ್ದನ್ನು ಕಂಡೆ. ಸುತ್ತ ಎಲ್ಲ ಕೆಂಪು, ಇದೊಂದೇ ಹಸಿರು, ಆದರೆ ಅದೇ ಗಾತ್ರ, ಅದೇ ಮೈಕಟ್ಟು. ನೀರು ಹಾಯಿಸುತ್ತಿದ್ದ ಹಿರಿಯರನ್ನು ಕೇಳಿದೆ.

“ಕಾಕಾ, ಇದು ಬ್ಯಾರೆ ಜಾತಿ ಏನ್ರಿ?”

“ಬ್ಯಾರೆ ಅಲ್ಲ ತಮ್ಮಾ, ಇದೂ ಕೆಂಪಿಂದೇ ಕಂದು. ಒಮ್ಮೊಮ್ಮೆ ಹಿಂಗ ಬಣ್ಣ ಬಿಟ್ಟುಬಿಡ್ತದ.”

ಬಾಳೆ ಬಲ್ಲ ವಿಜ್ಞಾನಿಗಳು ಇದನ್ನು ಒಪ್ಪುತ್ತಾರೆ: ಕೆಂಪು ಬಾಳೆಯ ಮೈಯ ಹೊರಪದರಕ್ಕೆ ಕೆಂಪಿನ ಗುಣ, ಒಳಗೆ ಮಾತ್ರ ಹಸಿರಿನದೇ ಅಂಶ ಅಡಗಿರುತ್ತದೆ, ಕಂದು ಒಡೆಯುವಾಗ ಎಂದೋ ಒಮ್ಮೆ ಒಳಗಿನದು ಹೊರಗೆ ಬಂದುಬಿಡುತ್ತದೆ. ಕಾಕಾ ಸನಿಕೆಯ ಮೇಲೆ ಕೈಯೂರಿ ಆ ಗೊನೆಯನ್ನು ನೋಡಿದರು.

“ಮಾರ್ಲಿಕ್ಕೆ ಬರಾಂಗಿಲ್ಲ, ಗಿರಾಕಿ ಕೆಂಪೇ ಕೇಳ್ತಾರ. ಮನ್ಯಾಗ ತಿಂತೇವ್ರಿ, ರುಚಿಗೇನ್ ಕಮ್ಮಿ ಇಲ್ಲ.”

“ಮತ್ತ ಇದರ ಕಂದು?”

“ಕಡೀಲಿಕ್ಕಿ ಮನಸ್ಸು ಬರಲ್ಲ. ಒಂದ್ ಮೂಲ್ಯಾಗ ಇರ್ಲಿ ಅಂತ ಅಲ್ಲಿ ಹಚ್ಚೀವಿ,” ಎಂದು ಬೇಲಿಯ ಕಡೆ ತೋರಿಸಿದರು. ಅಲ್ಲಿ, ಕೆಂಪು ಮಣ್ಣು ಮತ್ತೆ ಎರೆಗೆ ತಿರುಗುವ ಬದುವಿನ ಬಳಿ, ಹಸಿರು ಬಾಳೆಯ ಒಂದು ಗುಂಪು ಬೇರೆಯೇ ಬೆಳೆದಿತ್ತು. ಕಾಕಾ ನೀರಿನ ಕಾಲುವೆಯನ್ನು ಅದರ ಕಡೆಗೂ ತಿರುಗಿಸಿದರು.